ಅತ್ತೆಯ ಕಾರಿಗೆ ದೊಡ್ಡ ಚಕ್ರ

ಕಿರಂಗೂರಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಎರಡು ಎತ್ತು, ಎರಡು ಸೀಮೆಹಸು, ಒಂದು ಎಮ್ಮೆ ಮತ್ತು ಒಂದು ಕಾರು ಇದ್ದವು. ಎತ್ತುಗಳು ಬಾಗಿಲ ಕಡೆಗೆ, ಕಾರು ಒಳಗೋಡೆಯ ಕಡೆಗೆ. ಕಾರಿನ ಕನ್ನಡಿಯಲ್ಲಿ ತನ್ನ ಮುಖ ಕಂಡರೆ ಕೆಂದ ಎಂಬ ಎತ್ತು ಬೆದರುತ್ತಿದ್ದುದರಿಂದ ಆ ಕನ್ನಡಿಗೆ ತಾತನ ಹಳೆಯ ಟವೆಲ್ಲು ಸುತ್ತಿಟ್ಟಿದ್ದರು. ಬೆಳಿಗ್ಗೆ ಸಗಣಿ ಬಾಚಲು ಹೋದ ಅವ್ವ ಕಾರಿನ ಕೆಳಗೂ ಒಂದು ಸಲ ಪೊರಕೆ ಆಡಿಸಿ ಬರುತ್ತಿದ್ದಳು. ಕೋಳಿಗಳಿಗೆ ಅದರ ಎಡಗಡೆಯ ಸೀಟೇ ಇಷ್ಟ, ಮೊಟ್ಟೆಯಿಡಲು ಅಲ್ಲಿಗೇ ಹೋಗುತ್ತಿದ್ದವು. ಶಾಲೆಯಲ್ಲಿ ನಾನು ಕಾರಿದ್ದವರ ಮನೆಯ ಹುಡುಗಿ ಎಂದು ಜಂಬ ಮಾಡುತ್ತಿದ್ದೆ. ಅದು ಇದ್ದಲ್ಲಿಂದ ಒಂದು ಮಾರು ಕದಲುವುದಿಲ್ಲ ಎಂದು ನನ್ನ ತರಗತಿಯವರಿಗೆಲ್ಲ ಗೊತ್ತಿತ್ತು. ಆದರೂ ನಾನು ಜಂಬ ಬಿಟ್ಟಿರಲಿಲ್ಲ.

ಕಾರು ಭಾಗ್ಯತ್ತೆಯದು. ಅಪ್ಪನಿಗೆ ಅಕ್ಕ, ನನಗೆ ಸೋದರತ್ತೆ. ಅವಳ ಗಂಡ ಮೈಸೂರಿನಲ್ಲಿ ಗ್ಯಾರೇಜು ಇಟ್ಟಿದ್ದರು. ಯಾವುದೋ ತೋಟದ ಸಾಹುಕಾರರ ಮನೆಯಲ್ಲಿ ಮಳೆಗೆ ನೆನೆಯುತ್ತ ಬಿದ್ದಿದ್ದ ಹಳೆಯ ವಿಲಾಯಿತಿ ರೇಸ್ ಕಾರನ್ನು ತಂದು, ಸಂಜೆ ಕೆಲಸ ಮುಗಿದ ಮೇಲೆ ಒಂದೊಂದೇ ನಟ್ಟು ಬಿಚ್ಚಿ ತೊಳೆದು ಕೂಡಿಸುತ್ತ ವರ್ಷಗಟ್ಟಲೆ ಕಳೆದವರು. ಗಾಢ ಹಸಿರು ಬಣ್ಣ, ಉದ್ದನೆಯ ಮೂತಿ, ಇಬ್ಬರೇ ಕೂರಬಹುದು, ತಲೆಯ ಮೇಲೆ ಸೂರಿಲ್ಲ. ಸೀಟಿನಲ್ಲಿ ಕೂತು ಕೈ ಇಳಿಬಿಟ್ಟರೆ ನೆಲ ಸಿಗುತ್ತಿತ್ತು. ಊರವರು ಅದಕ್ಕೆ ಅರ್ಧ ಕಾರು ಎನ್ನುತ್ತಿದ್ದರು. ಮಾವ ಅದರ ಎಂಜಿನ್ನು ಓಡುವಂತೆ ಮಾಡಿ, ಅತ್ತೆಗೆ ಓಡಿಸುವುದನ್ನೂ ಕಲಿಸಿ, ಎದೆನೋವೆಂದು ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಮೈದುನರು ಮನೆ ಪಾಲು ಮಾಡಿದಾಗ ಅತ್ತೆ ಕೇಳಿದ್ದು ಕಾರೊಂದನ್ನೇ. ಕರೆತರಲು ಹೋಗಿದ್ದ ತಾತ ಟ್ರಾಕ್ಟರಿನ ಟ್ರೇಲರಿನಲ್ಲಿ ಕಾರನ್ನೂ ಮಗಳನ್ನೂ ಹೇರಿಕೊಂಡು ಬಂದ. ಅವತ್ತಿನಿಂದ ಅವನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

"ಬಾಯ್ಬುಟ್ಟು ಕೇಳಿದ್ರೆ ಒಂದ್ ಕೋಣೆ ಕೊಡೋರು. ತಗಡ್ ಕೇಳವ್ಳೆ ನೋಡು," ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಅತ್ತೆ ಅದಕ್ಕೆ ಒಂದೇ ಉತ್ತರ ಇಟ್ಟುಕೊಂಡಿದ್ದಳು: "ಅದು ನನ್ ಪಾಲು ಕಣಪ್ಪ."

ಮಧ್ಯಾಹ್ನ ಎಲ್ಲರೂ ಒರಗಿದಾಗ ಅವಳು ಕೊಟ್ಟಿಗೆಗೆ ಹೋಗಿ, ಕೋಳಿಯನ್ನು ಓಡಿಸಿ, ಸ್ಟೇರಿಂಗಿನ ಮುಂದೆ ಕೂತು ಊರವರ ರವಿಕೆಗಳಿಗೆ ಹೆಮ್ಮಿಂಗ್ ಹಾಕುತ್ತಿದ್ದಳು. ನಾನು ಪಕ್ಕದ ಸೀಟಿನಲ್ಲಿ ಕೂತು ಗುಂಡಿಗಳನ್ನು ಜೋಡಿಸಿ ಕೊಡುತ್ತಿದ್ದೆ. ನಮ್ಮ ಮನೆಯಲ್ಲಿ ಹೆಂಗಸರಿಗೆ ಒಂದು ಕಡೆ ಸುಮ್ಮನೆ ಕೂರಲು ಜಾಗ ಎಂದಿದ್ದುದು ಅದೊಂದೇ. ಅಡುಗೆಮನೆಯಲ್ಲಿ ಕೂತರೆ ಯಾರಾದರೂ ನೀರು ಕೇಳುತ್ತಿದ್ದರು, ಜಗುಲಿಯಲ್ಲಿ ಕೂತರೆ ತಾತ ಗದರುತ್ತಿದ್ದ. ಕಾರಿನಲ್ಲಿ ಕೂತವರನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. ಇದನ್ನು ಕಂಡುಕೊಂಡ ಅವ್ವ ಕೂಡ ಆಗಾಗ ಮೊರದಲ್ಲಿ ಅವರೆಕಾಯಿ ಹಿಡಿದುಕೊಂಡು ಬಂದು ಬಾನೆಟ್ಟಿಗೆ ಒರಗಿ ನಿಲ್ಲುತ್ತಿದ್ದಳು.

ತೊಂದರೆ ಇದ್ದದ್ದು ನಾಲೆಯ ಸೇತುವೆಯಲ್ಲಿ. ನಮ್ಮ ಮನೆಗೂ ಪಾಂಡವಪುರದ ಟಾರು ರಸ್ತೆಗೂ ನಡುವೆ ಒಂದು ನಾಲೆ. ಅದರ ಮೇಲಿನ ಕಲ್ಲುಸೇತುವೆ ಮಧ್ಯದಲ್ಲಿ ಉಬ್ಬಿಕೊಂಡಿತ್ತು. ಗಾಡಿ, ಟ್ರಾಕ್ಟರು, ಸೈಕಲ್ಲು ಎಲ್ಲವೂ ಹತ್ತಿ ಇಳಿಯುತ್ತಿದ್ದವು. ಅತ್ತೆ ಬಂದ ಹೊಸದರಲ್ಲಿ ಕಾರು ಚಾಲೂ ಮಾಡಿಕೊಂಡು ಹೊರಟವಳು ಆ ಉಬ್ಬಿನ ಮೇಲೆ ಹೊಟ್ಟೆ ತಗುಲಿಸಿಕೊಂಡು ನಿಂತುಬಿಟ್ಟಳು. ಮುಂದಿನ ಚಕ್ರ ಆ ಕಡೆ, ಹಿಂದಿನ ಚಕ್ರ ಈ ಕಡೆ, ಕಾರು ನಡುವೆ ಕಲ್ಲಿನ ಮೇಲೆ ಕೂತಿತ್ತು. ಡೈರಿಗೆ ಹಾಲು ಹಾಕಲು ಬಂದವರೆಲ್ಲ ಕ್ಯಾನು ಕೆಳಗಿಟ್ಟು ನೋಡಿದರು. ಕೊನೆಗೆ ಎತ್ತು ಕಟ್ಟಿ ಹಿಂದಕ್ಕೆ ಎಳೆಸಬೇಕಾಯಿತು. ಎಳೆಸಿದವನು ತಾತ. ಅವನ ಮೀಸೆಯ ಕೆಳಗಿನ ನಗು ಅತ್ತೆ ಬಹಳ ದಿನ ಮರೆಯಲಿಲ್ಲ. ಸಾಲದ್ದಕ್ಕೆ ಟೈರುಗಳು ಬಿರುಕು ಬಿಟ್ಟಿದ್ದವು. ಅಷ್ಟು ಚಿಕ್ಕ ಅಳತೆಯ ಟೈರು ಮೈಸೂರಿನಲ್ಲೆಲ್ಲೂ ಸಿಗುತ್ತಿರಲಿಲ್ಲ.

ಆ ವರ್ಷ ಅಪ್ಪ ಪವರ್ ಟಿಲ್ಲರ್ ತಂದ. ಅದನ್ನು ನಿಲ್ಲಿಸಲು ಜಾಗ ಬೇಕಾಯಿತು. ಒಂದು ರಾತ್ರಿ ಊಟಕ್ಕೆ ಕೂತಾಗ, ಬಸ್ಸಾರಿಗೆ ಮುದ್ದೆ ಮುರಿಯುತ್ತ ತಾತ ಮಾತು ತೆಗೆದ.

"ಆಯುಧಪೂಜೆ ವೊತ್ಗೆ ನಿನ್ ಕಾರು ಸೇತ್ವೆ ದಾಟಿ, ಟಾರ್ ರೋಡ್ ಮುಟ್ಟಿ, ವಾಪಸ್ ಬಂದು ಕಣದಲ್ಲಿ ನಿಂತ್ಕಬೇಕು. ತನ್ ಕಾಲ್ ಮೇಲೆ ತಾನು. ಎತ್ ಕಟ್ಟಂಗಿಲ್ಲ, ಜನ ತಳ್ಳಂಗಿಲ್ಲ. ಆದ್ರೆ ಇರ್ಲಿ. ಆಗ್ನಿಲ್ಲ ಅಂದ್ರೆ ಗುಜ್ರಿಯವ್ನು ಬತ್ತಾನೆ."

ಅತ್ತೆ ಮುದ್ದೆ ನುಂಗಿ, ನೀರು ಕುಡಿದು, "ಪಕ್ಕದಲ್ಲಿ ನೀನೂ ಕೂತ್ಕಬೇಕು ಮತ್ತೆ. ಆಮ್ಯಾಕೆ ನಾನ್ ನೋಡ್ಲಿಲ್ಲ ಅನ್ನಂಗಿಲ್ಲ," ಎಂದಳು.

"ಕೂತ್ಕತೀನಿ ಕಣ್ ಬುಡು," ಎಂದ ತಾತ. ಕೈ ತೊಳೆಯಲು ಎದ್ದವನು ಬಾಗಿಲಲ್ಲಿ ತಿರುಗಿ ನೋಡಿದ. ಒಪ್ಪಿಕೊಂಡದ್ದು ತಪ್ಪಾಯಿತೇನೋ ಎಂಬಂತಿತ್ತು ಅವನ ಮುಖ.

ಮಾರನೇ ದಿನವೇ ಅತ್ತೆ ಕಾರಿನ ಕೆಳಗೆ ಅಂಗಾತ ಮಲಗಿ ಹೊಟ್ಟೆಗೂ ನೆಲಕ್ಕೂ ಎಷ್ಟು ಬೆರಳು ಎಂದು ಅಳೆದಳು. ಸೇತುವೆಯ ಉಬ್ಬಿನ ಮೇಲೆ ಹಗ್ಗ ಹಿಡಿಸಿ ಅದನ್ನೂ ಅಳೆದಳು. ಒಂದು ತುದಿ ನಾನು ಹಿಡಿದಿದ್ದೆ. ಮೂರು ಬೆರಳು ಎತ್ತರ ಸಿಕ್ಕರೆ ಕಾರು ದಾಟುತ್ತದೆ ಎಂದು ಲೆಕ್ಕ ಬಂತು. ಚಿಕ್ಕ ಟೈರು ಹೇಗೂ ಸಿಗುವುದಿಲ್ಲ, ದೊಡ್ಡ ಚಕ್ರವನ್ನೇ ಹಾಕುವುದು ಎಂದು ಅವಳು ತೀರ್ಮಾನಿಸಿದಳು. ಅವಳು ತೀರ್ಮಾನಿಸಿದ್ದು ಅವಳ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಸೆರಗು ಸಿಕ್ಕಿಸಿ, ಚಪ್ಪಲಿ ಸದ್ದಾಗುವಂತೆ ನಡೆಯುತ್ತಿದ್ದಳು. ಮೈಸೂರಿಗೆ ಹೋಗಿ, ಯಾರೋ ಹೊಸ ಕಾರಿನವರು ಹಾಕಿಸಿ ಬೇಡವೆಂದು ಬಿಚ್ಚಿಸಿದ್ದ ನಾಲ್ಕು ಫ್ಯಾನ್ಸಿ ಚಕ್ರಗಳನ್ನು ಗಂಡನ ಹಳೆಯ ಗುರುತಿನವರ ಅಂಗಡಿಯಲ್ಲಿ ಹುಡುಕಿದಳು. ಬೆಳ್ಳಿಯ ಬಣ್ಣದವು. ಮಧ್ಯದಲ್ಲಿ ಐದು ಅಗಲವಾದ ಕಡ್ಡಿಗಳು, ಕಡ್ಡಿಗಳ ನಡುವೆ ಕೈ ತೂರುವಷ್ಟು ಸಂದು. ಟೈರು ಸಮೇತ ಅವನ್ನು ಎರಡೆರಡಾಗಿ ಎರಡು ದಿನ ಶ್ರೀರಂಗಪಟ್ಟಣದ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಳು.

"ಬಸ್ ಪಂಚರ್ ಆದ್ರೆ ನಿಮ್ದೇ ಕೇಳ್ತೀವಿ ಕಣಕ್ಕ," ಎಂದು ಕಂಡಕ್ಟರು ತಮಾಷೆ ಮಾಡಿದನಂತೆ. ಅತ್ತೆ ನಗದೆ, "ಕೊಡದಿಲ್ಲ," ಎಂದಳಂತೆ.

ಪಾಂಡವಪುರದಲ್ಲಿ ಲೇತ್ ಮಷೀನು ಇಟ್ಟಿದ್ದ ರಹಮತ್ ಸಾಹೇಬರು ನಮ್ಮ ಕಡೆಯ ಆಲೆಮನೆಗಳ ಗಾಣಗಳನ್ನೆಲ್ಲ ರಿಪೇರಿ ಮಾಡಿದವರು. ಅವರು ಲಡಕಾಸಿ ಸ್ಕೂಟರಿನಲ್ಲಿ ಬಂದು, ಕಾರಿನ ಸುತ್ತ ಎರಡು ಸುತ್ತು ಹಾಕಿ, ಗಡ್ಡ ಕೆರೆದುಕೊಂಡರು. ಹೊಸ ಚಕ್ರಕ್ಕೂ ನಾಲ್ಕೇ ಬೋಲ್ಟು, ಹಳೆಯದಕ್ಕೂ ನಾಲ್ಕೇ. ಆದರೆ ತೂತುಗಳ ನಡುವಿನ ದೂರ ಅರ್ಧ ಬೆರಳು ಹೆಚ್ಚುಕಡಿಮೆ. ನಡುವೆ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಕಡೆದು ಕೂರಿಸಬೇಕು ಎಂದರು.

"ನೋಡಮ್ಮ, ಗಾಡಿ ಎತ್ತರ ಆಯ್ತದೆ. ಸ್ಟೇರಿಂಗ್ ಭಾರ ಆಯ್ತದೆ. ಮೀಟರ್ ಸುಳ್ಳು ಹೇಳ್ತದೆ. ತಟ್ಟೆ ಹಾಕಿದ್ರೆ ಚಕ್ರ ಆಚೆ ಬತ್ತದೆ, ಮಡ್‌ಗಾರ್ಡ್‌ಗೆ ಉಜ್ಜಿದ್ರೂ ಉಜ್ಜಬಹುದು. ಎಲ್ಲಾ ಒಪ್ಕೊಂಡ್ರೆ ಮಾಡ್ಕೊಡ್ತೀನಿ."

"ಮೀಟರ್ ಸುಳ್ ಹೇಳ್ಲಿ ಬುಡಣ್ಣ. ಅದ್ನ ನೋಡೋಷ್ಟು ದೂರ ನಾನೇನ್ ವೋಗ್ಬೇಕಾಗಿಲ್ಲ. ಸೇತ್ವೆ ದಾಟುದ್ರೆ ಸಾಕು."

"ಮಾಶಾ ಅಲ್ಲಾ," ಎಂದು ನಕ್ಕರು ರಹಮತ್ ಸಾಹೇಬರು. ವಾರದಲ್ಲಿ ನಾಲ್ಕು ತಟ್ಟೆಗಳು ಬಂದವು. ಚಕ್ರದ ಹಿಂದೆ ಬ್ರೇಕನ್ನು ಮುಚ್ಚಿಕೊಂಡಿದ್ದ ಡ್ರಮ್ಮಿನ ಮುಖದಲ್ಲಿ, ಬ್ರೇಕು ಬಿಗಿ ಮಾಡಲು ಹೆಬ್ಬೆರಳಿನಷ್ಟು ಒಂದು ತೂತಿತ್ತು. ಅದಕ್ಕೆ ಸರಿಯಾಗಿ ತಟ್ಟೆಯಲ್ಲೂ ಒಂದು ತೂತು ಬಿಟ್ಟಿದ್ದರು. ಹಳೆಯ ಚಕ್ರವಿದ್ದಾಗ ಆ ತೂತು ಯಾರಿಗೂ ಕಾಣುತ್ತಿರಲಿಲ್ಲ. ಈಗ ಅಗಲ ಕಡ್ಡಿಗಳ ಸಂದಿನಲ್ಲಿ ದಾರಿಹೋಕರಿಗೂ ಕಾಣುತ್ತಿತ್ತು. ಈ ತೂತು ಮುಂದೆ ನಮ್ಮ ಮನೆಯ ಮಾನವನ್ನೇ ಬೀದಿಗೆ ತಂದದ್ದರಿಂದ ಈಗಲೇ ಹೇಳಿಟ್ಟಿದ್ದೇನೆ.

ಚಕ್ರ ಕೂರಿಸಿದ ದಿನ ಅವ್ವ ಹೊಸ ವಸ್ತುವಿಗೆ ಮಾಡುವಂತೆ ನಾಲ್ಕೂ ಟೈರಿಗೆ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಿದಳು. ಕಾರು ನಿಜಕ್ಕೂ ಎತ್ತರವಾಗಿತ್ತು, ಸೀಟಿನಿಂದ ಕೈ ಇಳಿಬಿಟ್ಟರೆ ನೆಲ ಸಿಗಲಿಲ್ಲ. ಅತ್ತೆ ಕಣದಲ್ಲೇ ಒಂದು ಸುತ್ತು ತಿರುಗಿಸಿದಳು. ನೇರ ಹೋಗುವಾಗ ಚೆನ್ನಾಗಿಯೇ ಇತ್ತು. ತಿರುಗಿಸಿದ ಕೂಡಲೇ ಎಲ್ಲೋ ಗರ್ ಎಂದು ಉಜ್ಜಿ ರಬ್ಬರು ಸುಟ್ಟ ವಾಸನೆ ಬಂತು. ಎಲ್ಲಿ ಎಂದು ಮಾತ್ರ ತಿಳಿಯಲಿಲ್ಲ. ಮಡ್‌ಗಾರ್ಡಿನ ಒಳಗೆ ಕತ್ತಲು, ಬ್ಯಾಟರಿ ಬಿಟ್ಟರೂ ಮಣ್ಣೇ ಕಾಣುತ್ತಿತ್ತು. ನನ್ನ ಕೈ ಸಣ್ಣದಾಗಿದ್ದರಿಂದ ಒಳಗೆ ತೂರಿಸಿ ತಡಕಿದೆ. ಕೈ ಈಚೆ ತೆಗೆದಾಗ ಎರಡು ಬೆರಳಿಗೆ ಕುಂಕುಮ ಹತ್ತಿತ್ತು. ಟೈರಿಗೆ ಇಟ್ಟ ಕುಂಕುಮ, ಉಜ್ಜಿದ ಜಾಗದಲ್ಲಿ ಮಡ್‌ಗಾರ್ಡಿಗೆ ಅಂಟಿಕೊಂಡಿತ್ತು!

ಅತ್ತೆ ನನ್ನ ಬೆರಳನ್ನು ನೋಡಿದಳು, ಟೈರನ್ನು ನೋಡಿದಳು. "ಲಕ್ಷ್ಮೀ, ಕುಂಕುಮದ್ ಬಟ್ಲು ತತ್ತಾ," ಎಂದು ಅವ್ವನನ್ನು ಕೂಗಿದಳು.

ಅವ್ವ ಬಟ್ಟಲು ತಂದಳು, ಆದರೆ ಕೊಡಲಿಲ್ಲ. ಮಾವ ಹೋದ ಮೇಲೆ ಅತ್ತೆ ಆ ಬಟ್ಟಲನ್ನು ಮುಟ್ಟಿರಲಿಲ್ಲ. ಗೌರಿಹಬ್ಬದ ದಿನ ಅದನ್ನು ಕಂಡರೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ತಾತ ಜಗುಲಿಯಿಂದಲೇ ನೋಡುತ್ತಿದ್ದ. ಕೆಲಸವಿಲ್ಲದ ಇಬ್ಬರು ಹೆಂಗಸರು ಬೇಲಿಯಾಚೆ ನಿಂತಿದ್ದರು.

"ನಾನೇ ಬಳಿತೀನಿ ಅಕ್ಕ. ಎಲ್ಲಿಗೆ ಅಂತ ಯೋಳು," ಎಂದಳು ಅವ್ವ, ಮೆಲ್ಲಗೆ.

"ನಿಂಗೆ ತಿಳಿಯದಿಲ್ಲ ಕಣವ್ವ. ಟೈರಿನ್ ಬುಜಕ್ಕೆ ಒಂದೇ ಸಮ ಬಳೀಬೇಕು. ನಾನ್ ಅಣೆಗೆ ಇಕ್ಕತಿಲ್ಲ, ಗಾಡಿಗ್ ಇಕ್ತಾ ಇವ್ನಿ. ಕೊಡು."

ಅವ್ವ ಕೊಟ್ಟಳು. ಒಳಗೆ ಹೋಗಿ ಡಬ್ಬಿಯಲ್ಲಿದ್ದ ಕುಂಕುಮವನ್ನೂ ಪೂರಾ ಸುರಿದು ತಂದಳು. ಅತ್ತೆ ಅದಕ್ಕೆ ಎಣ್ಣೆ ಹಾಕಿ ಕಲಸಿ, ಎರಡೂ ಅಂಗೈ ತುಂಬ ಬಳಿದುಕೊಂಡು ನಾಲ್ಕು ಟೈರಿಗೂ ಮೆತ್ತಿದಳು. ಜನ ಕೂತ ಭಾರ ಬರಲೆಂದು ಸೀಟುಗಳ ಮೇಲೆ ರಾಗಿಯ ಮೂಟೆಗಳನ್ನು ಕೂರಿಸಿದಳು. ತಾತ ಅಲ್ಲಿಂದಲೇ, "ಮನ್ಸರು ಕೂರಕ್ಕೆ ಗತಿಯಿಲ್ಲ, ರಾಗಿ ಮೆರವಣಿಗೆ ವೊಂಟದೆ," ಎಂದು ಗೊಣಗಿದ. ಅವಳು ಕಾರನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ನಿಲ್ಲಿಸಿದಳು. ನಾನು ನಾಲ್ಕೂ ಕಡೆ ಕೈ ಹಾಕಿ, ಎಲ್ಲೆಲ್ಲಿ ಕೆಂಪಾಗಿದೆ ಎಂದು ಹೇಳುತ್ತ ಹೋದೆ. ಮುಂದಿನ ಎರಡೂ ಮಡ್‌ಗಾರ್ಡುಗಳ ಅಂಚು ಒಳಕ್ಕೆ ಮಡಿಚಿಕೊಂಡಿದ್ದ ಜಾಗದಲ್ಲೇ ಉಜ್ಜುತ್ತಿತ್ತು. ಅವತ್ತು ಸಂಜೆ ಬಾವಿಕಟ್ಟೆಯಲ್ಲಿ ಅತ್ತೆ ಎಷ್ಟು ತಿಕ್ಕಿದರೂ ಅಂಗೈಯ ಕೆಂಪು ಹೋಗಲಿಲ್ಲ. ಅವಳೂ ಹೆಚ್ಚು ತಿಕ್ಕಲಿಲ್ಲ ಎಂದು ನನಗೆ ನೆನಪು.

ಅಂಚನ್ನು ಸುತ್ತಿಗೆಯಲ್ಲಿ ಬಡಿದರೆ ಬಣ್ಣ ಸಿಡಿದು ತುಕ್ಕು ಹಿಡಿಯುತ್ತದೆ, ಉರುಟಾದ ಮರದಲ್ಲಿ ಒತ್ತಿ ಒತ್ತಿ ಮೇಲಕ್ಕೆ ಮಡಿಚಬೇಕು ಎಂದರು ರಹಮತ್ ಸಾಹೇಬರು. ಉರುಟಾದ ಗಟ್ಟಿಮರ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ, ಅವ್ವ ಮೆಣಸಿನಪುಡಿ ಕುಟ್ಟುತ್ತಿದ್ದ ಒನಕೆ. ಅದನ್ನು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತೂರಿಸಿ ಒಬ್ಬರು ಹಿಡಿದುಕೊಳ್ಳುವುದು, ಇಬ್ಬರು ಕಾರನ್ನು ಅಂಗುಲ ಅಂಗುಲವಾಗಿ ತಳ್ಳುವುದು. ಚಕ್ರ ಉರುಳಿದಂತೆ ಒನಕೆಯೂ ಉರುಳಿ ಅಂಚು ಮೆಲ್ಲಗೆ ಮೇಲಕ್ಕೆ ಮಡಿಚಿಕೊಳ್ಳುತ್ತಿತ್ತು. ಒನಕೆ ಹಿಡಿದವಳು ಅವ್ವ, ತಳ್ಳಿದವರು ನಾನು ಮತ್ತು ಅತ್ತೆ. ಮೂರು ದಿನ ಹಿಡಿಯಿತು. ಒನಕೆಗೆ ಅಂಟಿದ ಖಾರ ಬೆವರಿನ ಕೈಗೆ ಹತ್ತಿ, ಕೈ ಕಣ್ಣಿಗೆ ಹೋಗಿ, ಮೂವರೂ ಅಳುತ್ತಲೇ ಕೆಲಸ ಮಾಡಿದೆವು. ಮೂರನೇ ದಿನ ಕುಂಕುಮ ಬಳಿದು ತಿರುಗಿಸಿದಾಗ ಮಡ್‌ಗಾರ್ಡಿನಲ್ಲಿ ಎಲ್ಲೂ ಕೆಂಪು ಸಿಗಲಿಲ್ಲ. ಅತ್ತೆ ಕಣದ ಮಧ್ಯೆ ನಿಂತು ಸೊಂಟಕ್ಕೆ ಕೈಯಿಟ್ಟು ಕಾರನ್ನು ನೋಡಿದ ರೀತಿಯನ್ನು ನಾನು ಈಗಲೂ ನೆನೆಯುತ್ತೇನೆ. ನನ್ನ ಬದುಕಿನಲ್ಲಿ ಏನಾದರೂ ಕಷ್ಟದ ಕೆಲಸ ಮುಗಿಸಿದಾಗ ನನ್ನ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ.

ಆಯುಧಪೂಜೆಯ ಹಿಂದಿನ ಮಧ್ಯಾಹ್ನ ಅತ್ತೆ ಹೂವಿಗೂ ಪೆಟ್ರೋಲಿಗೂ ಶ್ರೀರಂಗಪಟ್ಟಣಕ್ಕೆ ಹೋಗಿದ್ದಳು. ತಾತ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನನ್ನನ್ನು ಸನ್ನೆ ಮಾಡಿ ಕರೆದ. ಅವನ ಕೈಯಲ್ಲಿ ಕೀಲೆಣ್ಣೆಯ ಗೊಟ್ಟವಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಕೆಳಗೆ ತೂಗುಹಾಕಿಕೊಂಡಿರುತ್ತಿದ್ದ. ಗಾಡಿ ಹೂಡುವ ಮೊದಲು ಎರಡೂ ಚಕ್ರದ ಕೀಲಿಗೆ ಅದನ್ನು ಬಿಡದೆ ಅವನು ಎಂದೂ ಹೊರಟವನಲ್ಲ.

"ಅಮ್ಮಿ, ಬಟ್ಲು ಇಡ್ಕೊ. ನಿಮ್ಮತ್ತೆಗೆ ಯೋಳ್ಬ್ಯಾಡ," ಎಂದ.

ನಾನು ಬಟ್ಟಲು ಹಿಡಿದೆ. ತಾತ ಗೊಟ್ಟದಿಂದ ಬಟ್ಟಲಿಗೆ ಸುರಿದು, ಬೇವಿನ ಕಡ್ಡಿಯಲ್ಲಿ ಚೆನ್ನಾಗಿ ಕಲಕಿ, ಬೆಳ್ಳಿ ಚಕ್ರದ ಸಂದಿನಲ್ಲಿ ಕಾಣುತ್ತಿದ್ದ ಆ ತೂತಿಗೆ ಎಲೆಯ ದೊನ್ನೆಯಲ್ಲಿ ಎಣ್ಣೆ ಬಿಟ್ಟ. ನಾಲ್ಕೂ ಚಕ್ರಕ್ಕೆ, ಒಂದೊಂದಕ್ಕೂ ಧಾರಾಳವಾಗಿ. ಬಿಡುವಾಗ ಎತ್ತಿನ ಜೊತೆ ಮಾತಾಡುವಂತೆ ಕಾರಿನ ಜೊತೆ ಏನೋ ಮಾತಾಡುತ್ತಿದ್ದ. ಮುಗಿಸಿ ಹೆಗಲ ಟವೆಲ್ಲಿನ ತುದಿಗೆ ಕೈ ಒರೆಸಿಕೊಂಡ. ನಾನು ನನ್ನ ಲಂಗಕ್ಕೆ ಒರೆಸಿಕೊಂಡೆ. ಕಪ್ಪು ಬೆರಳುಗಳು ಹಾಗೆಯೇ ಮೂಡಿದವು. ಅವ್ವ ಬೈಯುತ್ತಾಳೆಂದು ಲಂಗ ಬದಲಾಯಿಸಿ, ಆ ಲಂಗವನ್ನು ದನದ ಹಿಂಡಿಯ ಮೂಟೆಯ ಹಿಂದೆ ತುರುಕಿಟ್ಟೆ. ತಾತ ಕಾರನ್ನು ಒಪ್ಪಿಕೊಂಡನಲ್ಲ ಎಂದು ನನಗೆ ಖುಷಿಯೋ ಖುಷಿ.

ಹಬ್ಬದ ದಿನ ಬೆಳಿಗ್ಗೆ ಟಿಲ್ಲರು, ನೇಗಿಲು, ಹೊಲಿಗೆ ಯಂತ್ರ, ಕಾರು ಎಲ್ಲಕ್ಕೂ ಪೂಜೆಯಾಯಿತು. ನಾಲ್ಕು ನಿಂಬೆಹಣ್ಣು ಚಕ್ರದಡಿ ಸಿಡಿದವು. ರಹಮತ್ ಸಾಹೇಬರು ತಮ್ಮ ತಟ್ಟೆಗಳ ಕೆಲಸ ನೋಡಲು ಸ್ಕೂಟರಿನಲ್ಲಿ ಬಂದಿದ್ದರು. ತಾತ ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿ, ಹೆಗಲ ಮೇಲೆ ಅದೇ ಟವೆಲ್ಲು ಹಾಕಿಕೊಂಡು ಬಂದು ಎಡಗಡೆ ಕೂತ. ಎರಡೂ ಕೈಯಲ್ಲಿ ಬಾಗಿಲ ಅಂಚನ್ನು ಹಿಡಿದುಕೊಂಡಿದ್ದ. ಅತ್ತೆ ಗೇರು ಹಾಕಿದಳು. ಕಾರು ಕಣ ಬಿಟ್ಟು, ಓಣಿ ಹಿಡಿದು, ಸೇತುವೆ ಹತ್ತಿತು. ಉಬ್ಬಿನ ಮೇಲೆ ಬಂದಾಗ ನಾವೆಲ್ಲ ಬಗ್ಗಿ ಕಾರಿನ ಹೊಟ್ಟೆಯನ್ನೇ ನೋಡುತ್ತಿದ್ದೆವು. ಕಲ್ಲಿಗೂ ಕಾರಿಗೂ ನಡುವೆ ಆಚೆಯ ಭತ್ತದ ಹಸಿರು ಕಾಣುವಷ್ಟು ಬೆಳಕು ಇತ್ತು. ದಾಟಿಯೇಬಿಟ್ಟಿತು. ಹಾಲಿನವರು ಕೂಗಿದರು, ಅವ್ವ ನನ್ನ ಭುಜ ಹಿಸುಕಿದಳು. ಕಾರು ಟಾರು ರಸ್ತೆ ಮುಟ್ಟಿ, ತಿರುಗಿಸಿಕೊಂಡು, ಮತ್ತೆ ಸೇತುವೆ ಏರಿತು. ಇನ್ನು ಉಳಿದದ್ದು ಇಳಿಜಾರು ಮಾತ್ರ.

ಆ ಕಡೆ ಟಾರು ರಸ್ತೆಗೆ ಏರು ಇದ್ದುದರಿಂದ ಹೋಗುವಾಗ ಬ್ರೇಕು ಬೇಕಾಗಿರಲಿಲ್ಲ. ಈ ಇಳಿಜಾರಿನಲ್ಲಿ ಕಾರು ನಿಧಾನವಾಗಬೇಕಿತ್ತು. ಆಗಲಿಲ್ಲ. ಅತ್ತೆಯ ಮುಖ ದೂರದಿಂದಲೇ ಬಿಳಿಚಿಕೊಂಡದ್ದು ಕಂಡಿತು. ಅವಳು ಕಾಲಿನಲ್ಲಿ ಒತ್ತುತ್ತಿದ್ದಳು, ಕೈಬ್ರೇಕು ಎಳೆಯುತ್ತಿದ್ದಳು. ಕಾರು ಏನೂ ಕೇಳಿಸದಂತೆ ನಮ್ಮ ಕಡೆಗೇ ಬರುತ್ತಿತ್ತು. ನೇರ ಎದುರಿಗೆ ಕಣದಲ್ಲಿ, ಹಬ್ಬಕ್ಕೆ ಕೊಂಬಿಗೆ ಬಣ್ಣ ಬಳಿದು ಕಟ್ಟಿದ್ದ ಎತ್ತುಗಳಿದ್ದವು. ಅತ್ತೆ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಬಲಕ್ಕೆ ಪೂರ್ತಿ ಎಳೆದಳು. ಇಬ್ಬರ ಭಾರ ಹೊತ್ತ ಆ ದೊಡ್ಡ ಟೈರು ಎಲ್ಲೂ ಉಜ್ಜದೆ, ಎಲ್ಲೂ ತಡೆಯದೆ ತಿರುಗಿತು. ಕಾರು ಎತ್ತುಗಳನ್ನು ಒಂದು ಮಾರು ತಪ್ಪಿಸಿ ಹುಲ್ಲಿನ ಮೆದೆಗೆ ಮೂತಿ ನುಗ್ಗಿಸಿ ನಿಂತಿತು. ಮೇಲಿನ ಹುಲ್ಲು ಜಾರಿ ಇಬ್ಬರ ಮೇಲೂ ಬಿತ್ತು.

ಹುಲ್ಲಿನೊಳಗಿಂದ ಮೊದಲು ಬಂದದ್ದು ತಾತನ ದನಿ: "ಬಾಗ್ಯ, ನೀನ್ ಸಂದಾಗಿದ್ದೀಯವ್ವ?"

"ಸಂದಾಗಿವ್ನಿ ಕಣಪ್ಪ," ಎಂದಳು ಅತ್ತೆ, ಹುಲ್ಲು ಉಗುಳುತ್ತ.

ಆಮೇಲೆ ಶುರುವಾಯಿತು. ಅಪ್ಪನಿಗೆ ಹೆದರಿಕೆ ಇಳಿದ ಕೂಡಲೇ ಸಿಟ್ಟು ಏರಿತು. ಕಣದ ತುಂಬ ಓಡಾಡಿಕೊಂಡು, ವಯಸ್ಸಾದವರನ್ನು ಕೂರಿಸಿಕೊಂಡು ಸಾಯಿಸಿಬಿಡುತ್ತಿದ್ದಳಲ್ಲ, ಸಾಕು ಈ ಸಹವಾಸ, ನಾಳೆಯೇ ಗುಜರಿಯವನಿಗೆ ಹೇಳಿಕಳಿಸುತ್ತೇನೆ ಎಂದು ಕೂಗಾಡಿದ. ಬೇಲಿಯಾಚೆ ಅರ್ಧ ಊರೇ ಸೇರಿತ್ತು. ರಹಮತ್ ಸಾಹೇಬರು ಯಾರ ಮಾತಿಗೂ ತಲೆಹಾಕದೆ ಜಾಕು ಹಾಕಿ, ಚಕ್ರ ಬಿಚ್ಚಿ, ತಟ್ಟೆ ತೆಗೆದು, ಡ್ರಮ್ಮು ಎಳೆದರು. ಒಳಗಿನಿಂದ ದಪ್ಪನೆಯ ಕಪ್ಪು ಎಣ್ಣೆ ತೊಟ್ಟಿಕ್ಕಿತು.

"ಯಾ ಅಲ್ಲಾ! ಬ್ರೇಕ್ ಒಳಗೆ ಎಣ್ಣೆ ಯಾರು ಬಿಟ್ಟಿದ್ದು? ಇದು ಮಷೀನ್ ಆಯಿಲ್ ಅಲ್ವಲ್ಲ?"

ಅತ್ತೆ ಒಂದು ಬೆರಳಲ್ಲಿ ಅದನ್ನು ಮುಟ್ಟಿ ಮೂಗಿಗೆ ಹಿಡಿದಳು. ನಮ್ಮ ಮನೆಯ ಯಾರಿಗೂ ಆ ವಾಸನೆಯ ಗುರುತು ಹೇಳಿಕೊಡಬೇಕಾಗಿರಲಿಲ್ಲ. ಅವಳು ತಲೆಯೆತ್ತಿ ತಾತನ ಹೆಗಲ ಟವೆಲ್ಲಿನ ಕಪ್ಪು ತುದಿಯನ್ನು ನೋಡಿದಳು. ತಾತ ನೆಲ ನೋಡುತ್ತಿದ್ದ. ಒಂದು ಮಾತು ಹೇಳಿದರೆ ಕಾರು ಉಳಿಯುತ್ತಿತ್ತು. ಆ ಮಾತು ನನ್ನ ಬಾಯಲ್ಲೇ ಇತ್ತು, ಈಚೆ ಬರಲಿಲ್ಲ. ನಾನು ಅಷ್ಟು ಹೇಡಿಯಾಗಿದ್ದೆ ಎಂದು ಬರೆಯಲು ಇವತ್ತೂ ನಾಚಿಕೆಯಾಗುತ್ತದೆ.

"ನಾನೇ ಬು‍ಟ್ಟೆ ಕಣಣ್ಣ," ಎಂದಳು ಅತ್ತೆ. "ತಿಳೀದೆ ಬುಟ್ಬುಟ್ಟೆ."

ರಹಮತ್ ಸಾಹೇಬರು ಅವಳನ್ನೇ ನೋಡಿದರು. ಬ್ರೇಕಿನ ವಿಷಯ ಅವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು ಎಂದು ಅವರಿಗೆ ಗೊತ್ತಿತ್ತು. ಜಾಕು ಎತ್ತಿಕೊಂಡು ಇನ್ನೊಂದು ಚಕ್ರದ ಕಡೆ ಹೋದರು.

"ಇಷ್ಟೂ ತಿಳೀದೋಳ್ಗೆ ಕಾರ್ ಯಾಕಕ್ಕ?" ಎಂದ ಅಪ್ಪ. ಬೇಲಿಯಾಚೆ ಯಾರೋ ನಕ್ಕರು. ಅತ್ತೆ ಡ್ರಮ್ಮನ್ನು ಒರೆಸತೊಡಗಿದಳು. ಎಷ್ಟು ಹಟದಿಂದ ಆ ಕಾರನ್ನು ಉಳಿಸಿಕೊಳ್ಳಲು ಹೊರಟಿದ್ದಳೋ ಅಷ್ಟೇ ಹಟದಿಂದ ಈಗ ಅದನ್ನು ಕಳೆದುಕೊಳ್ಳುತ್ತಿದ್ದಳು. ಐವತ್ತು ವರ್ಷ ಗಾಡಿ ಹೊಡೆದ ತಾತ ಊರವರ ಮುಂದೆ ಚಕ್ರದ ವಿಷಯ ತಿಳಿಯದವನಾಗಬಾರದು ಎಂದು.

ತಾತ ಕೆಮ್ಮಿದ. ಹೆಗಲ ಟವೆಲ್ಲನ್ನು ತೆಗೆದು, ಕಪ್ಪಾದ ತುದಿ ಎಲ್ಲರಿಗೂ ಕಾಣುವಂತೆ ಹಿಡಿದ.

"ಅವ್ಳಲ್ಲ ಕಣ್ಲಾ. ನಾನು. ಚಕ್ರದ್ ಸಂದೀಲಿ ತೂತ್ ಕಾಣ್ತು. ಕೀಲಿನ್ ತೂತು ಅನ್ಕಂಡೆ. ನಿನ್ನೆ ಕೀಲೆಣ್ಣೆ ಬುಟ್ಟೆ."

ಅಪ್ಪ ಬಾಯಿ ಬಿಟ್ಟುಕೊಂಡು ನಿಂತ. "ಗುಜ್ರಿಗ್ ಆಕ್ಬೇಕು ಅಂತಿದ್ದೋನು ನೀನೇ ಅಲ್ವಾ?"

"ಅದ್ ಬ್ಯಾರೆ, ಇದ್ ಬ್ಯಾರೆ. ಮಗ್ಳು ಕೂರೋ ಗಾಡಿ ಒಣ ಕೀಲಲ್ಲಿ ವೊಂಡ್ಬಾರ್ದು ಅನ್ನಿಸ್ತು, ಬುಟ್ಟೆ." ತಾತ ರಹಮತ್ ಸಾಹೇಬರ ಕಡೆ ತಿರುಗಿ, "ಇದ್ನ ತೊಳ್ಯಾದ್ ಎಂಗೆ ಸಾಯೇಬ್ರೆ? ಯೋಳ್ಕೊಡಿ," ಎಂದು ಒಗೆದ ಪಂಚೆಯಲ್ಲೇ ಮಣ್ಣಿನ ಮೇಲೆ ಕೂತ.

ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದ ಹಾಕಿ ಉಜ್ಜಿ, ಬಿಸಿಲಿಗಿಟ್ಟು ಒಣಗಿಸಿ, ಮತ್ತೆ ತೊಳೆದು ಉಜ್ಜಿದರು. ಸಂಜೆಯವರೆಗೂ ತಾತ ಮತ್ತು ಅತ್ತೆ ಎದುರುಬದುರು ಕೂತು ಉಜ್ಜುತ್ತಲೇ ಇದ್ದರು. ಇಬ್ಬರೂ ಒಂದೇ ರೀತಿ ಕೆಳತುಟಿ ಕಚ್ಚಿಕೊಳ್ಳುತ್ತಾರೆ ಎಂದು ನಾನು ಅವತ್ತೇ ಗಮನಿಸಿದ್ದು. ಅಪ್ಪ ಮೆಲ್ಲಗೆ, ಆಯುಧಪೂಜೆ ಮುಗಿಯಿತಲ್ಲ ಎಂದು ಕೇಳಿದಾಗ ತಾತ, "ಹಬ್ಬ ನಾಳೀಕೂ ಅದೆ," ಎಂದ. ಮಾರನೇ ದಿನ ವಿಜಯದಶಮಿ. ಕೂಗಾಟವಿಲ್ಲದೆ, ನೋಡಲು ಜನವೂ ಹೆಚ್ಚಿಲ್ಲದೆ, ಕಾರು ಸೇತುವೆ ದಾಟಿ, ಟಾರು ರಸ್ತೆ ಮುಟ್ಟಿ, ಹಿಂದಿರುಗಿ ಬಂದು ಕಣದಲ್ಲಿ ನಿಂತಿತು. ತಾತ ಪಕ್ಕದಲ್ಲೇ ಕೂತಿದ್ದ. ಈ ಸಲ ಬಾಗಿಲ ಅಂಚನ್ನು ಹಿಡಿದುಕೊಂಡಿರಲಿಲ್ಲ. ಇಳಿದವನೇ ಟಿಲ್ಲರಿಗೆ ಹಿತ್ತಲಲ್ಲಿ ಚಪ್ಪರ ಹಾಕುವಂತೆ ಅಪ್ಪನಿಗೆ ಹೇಳಿ ಒಳಗೆ ಹೋದ.

ಆ ಸಂಜೆ ನಾನು ಬಾವಿಕಟ್ಟೆಗೆ ಹೋದಾಗ ಅತ್ತೆ ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಕಲ್ಲಿನ ಮೇಲೆ ನನ್ನ ಲಂಗವಿತ್ತು. ಹಿಂಡಿಯ ಮೂಟೆಯ ಹಿಂದೆ ತುರುಕಿದ್ದ ಲಂಗ. ಕಪ್ಪು ಬೆರಳುಗಳು ಒಂದೂ ಮಾಸಿರಲಿಲ್ಲ.

"ಸೋಪಿಗೆ ವೋಗ್ತಿಲ್ಲ ಕಣಮ್ಮಿ. ಒಸಿ ಸೀಮೆಎಣ್ಣೆ ತಕ್ಕಂಬಾ," ಎಂದಳು, ತಲೆಯೆತ್ತದೆ.

ತಂದುಕೊಟ್ಟೆ. ಅವಳು ಕಲೆಗೆ ಸೀಮೆಎಣ್ಣೆ ಹಾಕಿ ತಿಕ್ಕುವುದನ್ನು ನೋಡುತ್ತ ನಿಂತವಳಿಗೆ ತಡೆಯಲಾಗಲಿಲ್ಲ. ಅಳು ಬಂತು. "ಬಟ್ಲು ಇಡ್ಕಂಡಿದ್ದು ನಾನೇ ಅತ್ತೆ. ನೆನ್ನೆ ಯೋಳ್ಬೇಕಿತ್ತು. ಯೋಳ್ನಿಲ್ಲ."

"ಗೊತ್ತು. ಮೊನ್ನೆ ಸಾಯಂಕಾಲ ಹಿಂಡಿ ತಕ್ಕಳಕ್ ವೋದಾಗ್ಲೇ ಲಂಗ ಸಿಕ್ತು. ನಿಮ್ ತಾತ ಗಾಡಿ ಕೀಲಿಗೆ ಬುಡೋವಾಗ ಬಟ್ಲು ಇಡ್ಕಂಡಿದ್ದೀಯ ಅನ್ಕಂಡೆ. ಕಾರಿನ್ ಡ್ರಮ್ ತೆಗ್ದಾಗ ತಿಳೀತು."

"ಮತ್ಯಾಕೆ ನಾನೇ ಬುಟ್ಟೆ ಅಂದೆ?"

ಅತ್ತೆ ಲಂಗವನ್ನು ಹಿಂಡಿ, ಕೊಡವಿ, ತಂತಿಯ ಮೇಲೆ ಹಾಕಿದಳು. ಕಲೆ ತೆಳುವಾಗಿತ್ತು, ಪೂರಾ ಹೋಗಿರಲಿಲ್ಲ. ಒದ್ದೆ ಕೈಯಲ್ಲಿ ನನ್ನ ಕೆನ್ನೆ ಒರೆಸಿ, "ಬೆಳಿಗ್ಗೆ ಬೇಗ ಏಳು. ಆ ಗಾಡೀಲಿ ಎಲ್ಲೆಲ್ಲಿಗೆ ಎಣ್ಣೆ ಬುಡ್ಬೇಕು ಅಂತ ತೋರುಸ್ತೀನಿ," ಎಂದಳು.

ಬೆಳಿಗ್ಗೆ ಬೇಗ ಎದ್ದೆ. ಅತ್ತೆ ಚಕ್ರ ಬಿಚ್ಚಿ, ಒಂದೊಂದೇ ಜಾಗಕ್ಕೆ ಬೆರಳಿಟ್ಟು, ಇಲ್ಲಿ ಗ್ರೀಸು, ಇಲ್ಲಿ ಎಣ್ಣೆ, ಇಲ್ಲಿ ಏನೂ ಹಾಕಬಾರದು ಎಂದು ತೋರಿಸಿದಳು. ಅವಳು ಎರಡನೇ ಚಕ್ರಕ್ಕೆ ಬರುವ ಹೊತ್ತಿಗೆ ತಾತನೂ ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.